ನುಂಗಿದ ಹೊತ್ತು

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಅಂತ ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ನರರೋಗದ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿ ದುಡಿದವಳಿಗೆ ಅಷ್ಟೂ ಇರಬಾರದೇ? ಆ ಕೋಪ ಕಂಡೂ ನನ್ನ ಹಿಂದೆ ಮುಂದೆ ಸುತ್ತಿದ ಒಬ್ಬಳೇ ಹುಡುಗಿಯ ಕಥೆ ಇದು. ಅವಳಿಗೆ ನಾನಿಟ್ಟ ಹೆಸರು ಬುಗುರಿ.

ಬುಗುರಿ ಆಗ ಎಂಬಿಬಿಎಸ್ ನಾಲ್ಕನೇ ವರ್ಷದಲ್ಲಿದ್ದಳು. ಬೆಳಗ್ಗೆ ನಮ್ಮ ವಾರ್ಡು, ಮಧ್ಯಾಹ್ನ ಪಾಠ, ಸಂಜೆ ಹಿಂದಿನ ಕಟ್ಟಡದ ಮೂರನೇ ಮಹಡಿಯ ಮೆದುಳಿನ ಲ್ಯಾಬು. ಮೂರಕ್ಕೂ ಓಡಿಕೊಂಡೇ ಹೋಗುವಳು. ಬಿಳಿ ಕೋಟಿನ ಒಂದು ಜೇಬಿನಲ್ಲಿ ಸ್ಟೆತಾಸ್ಕೋಪು, ಇನ್ನೊಂದರಲ್ಲಿ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಗಳ ಕೋಟಿನ ಜೇಬು ಹರಿದದ್ದನ್ನು ಹೊಲಿದೂ ಹೊಲಿದೂ ಸಾಕಾಗಿ ಕೊನೆಗೆ ಪ್ಯಾಂಟಿನ ಬಟ್ಟೆಯಲ್ಲೇ ಜೇಬು ಹಾಕಿಕೊಟ್ಟಿದ್ದರು.

ಲ್ಯಾಬಿನಲ್ಲಿ ನಡೆಯುತ್ತಿದ್ದದ್ದು ಕೈ ನಡುಗುವ ಕಾಯಿಲೆಯವರ ಮೇಲಿನ ಸಂಶೋಧನೆ. ನಾವು ಎಂಟಕ್ಕೆ ಮಾತ್ರೆ ಕೊಟ್ಟ ರೋಗಿಗಳನ್ನು ಒಂಬತ್ತಕ್ಕೆ ಅಲ್ಲಿಗೆ ಕರೆದೊಯ್ದು, ತಲೆಗೆ ತಂತಿಗಳ ಟೋಪಿ ಹಾಕಿ, ಮಾತ್ರೆ ಮೆದುಳಿನಲ್ಲಿ ಏನು ಮಾಡುತ್ತದೆ ಅಂತ ಅಳೆಯುತ್ತಿದ್ದರು. ಒಂದೂವರೆ ವರ್ಷ ಅಳೆದರೂ ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ತಾಳೆಯಿಲ್ಲ. ಲ್ಯಾಬಿನ ಪ್ರೊಫೆಸರು ಮೊದಲು ಯಂತ್ರವನ್ನು ಬೈದರು, ಆಮೇಲೆ ಯಂತ್ರ ನೋಡಿಕೊಳ್ಳುವವರನ್ನು. ಕೊನೆಗೆ ಬುಗುರಿಯ ಕಡೆ ತಿರುಗಿದರು. ಡಾಕ್ಟರಿಕೆ ಓದು ಸದ್ಯಕ್ಕೆ ನಿಲ್ಲಿಸಿ ಪಿಎಚ್‌ಡಿಗೆ ಸೇರು, ಇಲ್ಲದಿದ್ದರೆ ತಿಂಗಳ ಕೊನೆಗೆ ಲ್ಯಾಬು ಬಿಡು, ಎರಡು ದೋಣಿಯಲ್ಲಿ ಕಾಲಿಟ್ಟವರು ನೀರಿಗೇ ಬೀಳುವುದು ಅಂದರು.

ಹುಡುಗಿ ಅವತ್ತು ಔಷಧಿ ಬೀರುವಿನ ಹಿಂದೆ ನಿಂತು ಅತ್ತಳು. ಅವಳಿಗೆ ರೋಗಿಯನ್ನು ನೋಡುವುದೂ ಬೇಕಿತ್ತು, ಆ ರೋಗಿಯ ಮೆದುಳು ಯಾಕೆ ಹಾಗೆ ಮಾಡುತ್ತದೆ ಅಂತ ಹುಡುಕುವುದೂ ಬೇಕಿತ್ತು. ಒಂದನ್ನು ಬಿಡು ಅಂದರೆ ಯಾವುದನ್ನು ಬಿಡಬೇಕು? ಮನೆಯಲ್ಲಿ ಹೇಳಿದರೆ ಅವಳಮ್ಮ, ಅದು ಓದಿದರೂ ಡಾಕ್ಟರು, ಇದು ಓದಿದರೂ ಡಾಕ್ಟರು, ಒಂದೇ ಜನ್ಮದಲ್ಲಿ ಎರಡೆರಡು ಸಲ ಯಾಕೆ ಅಂತ ಕೇಳಿದರಂತೆ. ನನಗೂ ಅದೇ ಸರಿ ಅನ್ನಿಸಿತು.

ಅದಾದ ಮೂರನೇ ದಿನ ಬೆಳಗ್ಗೆ ಅವಳು ಏಳನೇ ಹಾಸಿಗೆಯ ಪೋಸ್ಟ್‌ಮ್ಯಾನ್ ತಾತನ ನಾಡಿ ಹಿಡಿದು ಕೂತಿದ್ದಳು. ಎಂಟು ನಲವತ್ತಕ್ಕೆ ಚಹಾ ಬಂತು. ತಾತ ಅಂಗಿಯ ಜೇಬಿಗೆ ನಡುಗುವ ಕೈ ಹಾಕಿ, ಮಾತ್ರೆ ತೆಗೆದು, ಚಹಾದ ಜೊತೆ ನುಂಗಿದ. ಬುಗುರಿ ನೆಟ್ಟಗೆ ನನ್ನ ಮೇಜಿಗೆ ಬಂದಳು.

"ಅಕ್ಕ, ಚಾರ್ಟಲ್ಲಿ ಎಂಟು ಅಂತಿದೆಯಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಉರಿದುಹೋಯಿತು. ಮೂವತ್ತೆರಡು ಹಾಸಿಗೆ, ಇರುವುದು ಎರಡು ಕೈ, ಒಬ್ಬೊಬ್ಬರ ಗಂಟಲಲ್ಲಿ ಇಳಿಯುವವರೆಗೆ ನಿಂತು ನೋಡಲು ನನಗೇನು ಬೇರೆ ಕೆಲಸವಿಲ್ಲವೇ, ಪುಸ್ತಕದ ಬದನೆಕಾಯಿ ಓದಿದವರು ನನಗೆ ಕಲಿಸಬೇಡಿ ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮನ್ನ ದೂರ್ತಿಲ್ಲ ಅಕ್ಕ. ನೀವು ಬರೆಯೋದು ಕೊಟ್ಟ ಹೊತ್ತು. ಲ್ಯಾಬಿನವರು ಅದನ್ನ ನುಂಗಿದ ಹೊತ್ತು ಅಂತ ಓದ್ತಿದ್ದಾರೆ."

ನಾನು ಪೆನ್ನು ಕೆಳಗಿಟ್ಟೆ. ಒಂದೂವರೆ ವರ್ಷ ನಾನು ಎಂಟು ಅಂತ ಬರೆದದ್ದೂ ನಿಜ, ಅವರು ಅದನ್ನು ನಂಬಿದ್ದೂ ನಿಜ. ನಡುವೆ ತಾತನ ಜೇಬು ಇರುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಮರುದಿನದಿಂದ ಚಾರ್ಟಿನಲ್ಲಿ ನುಂಗಿದ ಹೊತ್ತು ಬರೆಯಲು ಇನ್ನೊಂದು ಗೆರೆ ಎಳೆದೆವು. ಲ್ಯಾಬಿಗೆ ಹೋಗುವ ಹನ್ನೊಂದು ಜನರ ಪಕ್ಕ ಅವಳೊಂದು ಕಡೆ, ನಾನೊಂದು ಕಡೆ ನಿಂತು ಗಡಿಯಾರ ನೋಡುವುದು. ಆಗ ಬಂದ ನಗು ಹೇಳತೀರದು. ಒಬ್ಬರು ಮಾತ್ರೆಯನ್ನು ದವಡೆಯಲ್ಲಿಟ್ಟುಕೊಂಡು ಪೇಪರ್ ಓದಿ ಮುಗಿಸುತ್ತಿದ್ದರು. ಇನ್ನೊಬ್ಬರು ಹೆಂಡತಿ ಬಂದು ಎರಡು ಸಲ ಗದರಿಸುವವರೆಗೆ ನುಂಗುತ್ತಲೇ ಇರಲಿಲ್ಲ. ಗದರಿಸುವುದೇ ಮದ್ದಾಗಿದ್ದರೆ ನನ್ನ ವಾರ್ಡಿನಲ್ಲಿ ಯಾರಿಗೂ ಕಾಯಿಲೆಯೇ ಇರುತ್ತಿರಲಿಲ್ಲ ಅಂದೆ. ಯಾರನ್ನೂ ಅವಸರ ಮಾಡದೆ, ಕಂಡದ್ದನ್ನು ಕಂಡ ಹಾಗೆ ಮೂರು ವಾರ ಬರೆದೆವು.

ತಿಂಗಳ ಕೊನೆಗೆ ಎರಡು ದಿನವಿದ್ದಾಗ ಬುಗುರಿ ಲ್ಯಾಬಿನ ಅಳತೆಗಳನ್ನೆಲ್ಲ ನುಂಗಿದ ಹೊತ್ತಿನಿಂದ ಎಣಿಸಿ ಹೊಸದಾಗಿ ಗೆರೆ ಎಳೆದಳು. ಹನ್ನೊಂದು ಜನರಲ್ಲಿ ಒಂಬತ್ತು ಜನರ ಗೆರೆ ಒಂದೇ ಹಾದಿ ಹಿಡಿದಿತ್ತು. ನನಗೆ ಆ ಗೆರೆಗಳ ವಿದ್ಯೆ ಗೊತ್ತಿಲ್ಲ, ಆದರೆ ಒಂಬತ್ತೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದನ್ನು ನೋಡಲು ಯಾವ ವಿದ್ಯೆ ಬೇಕು? ನನ್ನ ಕಣ್ಣು ತುಂಬಿ ಬಂತು. ಅವಳು ಹಾಳೆಗಳನ್ನು ಪ್ರೊಫೆಸರ ಮೇಜಿನ ಮೇಲಿಟ್ಟು, ಪಿಎಚ್‌ಡಿಗೆ ಸೇರುವುದಿಲ್ಲ ಅಂತ ಚೀಟಿ ಬರೆದು ಬಂದಳು.

ಮಾರನೆಯ ಬೆಳಗ್ಗೆ ಪ್ರೊಫೆಸರು ಏದುಸಿರು ಬಿಡುತ್ತಾ ವಾರ್ಡಿಗೆ ಬಂದರು. ಆ ಬಾಗಿಲಲ್ಲಿ ಅವರನ್ನು ನಾನು ಕಂಡದ್ದು ಅದೇ ಮೊದಲು. ಬುಗುರಿ ಒಬ್ಬ ಅಜ್ಜಿಗೆ ಸೂಜಿ ಹಾಕುತ್ತಿದ್ದಳು. ಈಗ ಭೇಟಿಯ ಹೊತ್ತಲ್ಲ, ಕೂತಿರಿ ಅಂತ ನಾನು ಸ್ಟೂಲು ತೋರಿಸಿದೆ. ಪಾಪ, ಹತ್ತು ನಿಮಿಷ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವಳು ಕೈ ತೊಳೆದು ಬಂದಾಗ ಎದ್ದು ನಿಂತರು.

"ಇದು ನನಗೆ ಹೊಳೀಲೇ ಇಲ್ಲಮ್ಮ. ಪಿಎಚ್‌ಡಿ ಮಾತು ಬಿಡು. ವಾರ್ಡೂ ಇರಲಿ, ಲ್ಯಾಬೂ ಇರಲಿ. ಲೇಖನದಲ್ಲಿ ಮೊದಲ ಹೆಸರು ನಿಂದು."

"ಸರಿ ಸರ್. ಎರಡನೇ ಹೆಸರು ಅಕ್ಕಂದು. ಮತ್ತೆ ನೀವು ವಾರಕ್ಕೊಂದು ಬೆಳಗ್ಗೆ ಇಲ್ಲಿಗೆ ಬರ್ಬೇಕು."

ಲೇಖನ ಬಂತು, ನನ್ನ ಹೆಸರೂ ಬಂತು. ಬುಗುರಿ ಈಗ ನಮ್ಮ ವಾರ್ಡಿನ ಡಾಕ್ಟರು, ಸಂಜೆ ಲ್ಯಾಬೂ ಅವಳದೇ. ಹೆಸರಿನ ಮುಂದೆ ಇರುವುದು ಒಂದೇ ಡಾಕ್ಟರು, ಅದರಲ್ಲಿ ಅವಳಿಗೆ ಯಾವ ಕೊರತೆಯೂ ಕಂಡಿಲ್ಲ. ಮಂಗಳವಾರ ಎಂಟಕ್ಕೆ ಪ್ರೊಫೆಸರು ನನ್ನ ಜೊತೆ ಹಾಸಿಗೆ ಹಾಸಿಗೆಗೆ ಬರುತ್ತಾರೆ. ಮೊದಮೊದಲು ಅವಸರ ಮಾಡುತ್ತಿದ್ದರು. ಈಗ ಕೈಕಟ್ಟಿ ನಿಂತು, ರೋಗಿ ನೀರು ಕುಡಿದು ಬಾಯಿ ತೆರೆದು ತೋರಿಸುವವರೆಗೆ ಕಾಯುತ್ತಾರೆ.