ನಲವತ್ತರ ಮೇಲಿನ ಕೆಂಪು ಬೊಟ್ಟು

ಶಾಲಾ ವ್ಯಾನು ಓಡಿಸುವ ಆಕೆಯನ್ನು ಬೀದಿಯವರೆಲ್ಲ ಕರೆಯುವುದು ನಲವತ್ತಕ್ಕ ಎಂದೇ. ಅವಳ ಹಳೇ ವ್ಯಾನಿನ ಸ್ಪೀಡ್ ಮೀಟರಿನ ಮುಳ್ಳು ನಲವತ್ತು ದಾಟಿದ್ದನ್ನು ಕಂಡವರಿಲ್ಲ. ಅದಕ್ಕೇ ತಾಯಂದಿರು ಕಣ್ಣುಮುಚ್ಚಿಕೊಂಡು ಮಕ್ಕಳನ್ನು ಹತ್ತಿಸುತ್ತಿದ್ದರು. ಅವಳ ಸ್ವಂತ ಮೊಮ್ಮಗಳೂ ಅದರಲ್ಲೇ, ಕಿಟಕಿ ಪಕ್ಕ. ನಲವತ್ತಕ್ಕನಿಗೆ ಬೇರೆ ಜಂಬ ಇರಲಿಲ್ಲ ಅನ್ನಿ, ಇದೊಂದು ಮಾತ್ರ ಬೆಟ್ಟದಷ್ಟಿತ್ತು.

"ಈ ವರ್ಷ ಜನಕ್ಕೆ ಬುದ್ಧಿ ಬಂದಿದೆ ಕಣೋ ಅಣ್ಣ, ಒಬ್ಬನೂ ನನ್ನನ್ನ ಹಿಂದೆ ಹಾಕಲ್ಲ," ಎಂದು ಬೀಗುತ್ತಲೇ ಮಧ್ಯಾಹ್ನ ಅಣ್ಣನ ಗ್ಯಾರೇಜಿಗೆ ವ್ಯಾನು ತಂದಳು. ದೂರು ಸಣ್ಣದು: ಗಾಡಿ ನಿಂತರೂ ಮುಳ್ಳು ನಲವತ್ತರಲ್ಲೇ ಕೂತಿದೆ.

"ನಿನ್ನ ಹಾಗೇ ಹಟಮಾರಿ," ಎಂದ ಅಣ್ಣ.

ಮೊದಲು ಮೀಟರಿನ ಹಿಂದಿನಿಂದ ಕೇಬಲ್ ಬಿಚ್ಚಿದ. ಹಿಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ ಕೈಯಿಂದ ಸುತ್ತಿಸಿದರೆ ಕೇಬಲಿನೊಳಗಿನ ತಂತಿಯೂ ಸಲೀಸಾಗಿ ಸುತ್ತಿತು. ಹಾಗಾದರೆ ತೊಂದರೆ ಮೀಟರಿನೊಳಗೇ. ಗಾಜು ತೆಗೆದು ಕಣ್ಣಿನ ಹತ್ತಿರ ಹಿಡಿದವನ ಮುಖದ ನಗು ಮಾಯವಾಯಿತು.

"ಇದೇನೇ ಇದು, ಕೆಂಪಗೆ?"

"ನೇಲ್ ಪಾಲಿಶ್. ಕಳೆದ ಬೇಸಿಗೇಲಿ ಮೀಟರಿನ ಗಾಜು ಒಡೀತಲ್ಲ, ಹೊಸದು ಹಾಕುವಾಗ ನಾನೇ ನಲವತ್ತಕ್ಕೊಂದು ದಪ್ಪ ಬೊಟ್ಟಿಟ್ಟೆ. ದಾಟಬಾರದು ಅಂತ ಗುರುತು."

ಆ ಬೊಟ್ಟು ಒಣಗಿ ಕಾಳಿನಷ್ಟು ಎದ್ದು ನಿಂತಿತ್ತು. ಮುಳ್ಳು ಅದಕ್ಕೆ ಬಂದು ತಡೆಯುತ್ತಿತ್ತು. ಈಗ ಬಿಸಿಲಿಗೆ ಬೊಟ್ಟು ಮೆತ್ತಗಾಗಿ ಮುಳ್ಳು ಅಂಟಿಯೂ ಕೂತಿತ್ತು.

"ಮುಳ್ಳು ದಾಟಲಿಲ್ಲ," ಎಂದ ಅಣ್ಣ ಮೆಲ್ಲಗೆ. "ಗಾಡಿ ದಾಟ್ತಾ ಇತ್ತು ಕಣೇ."

ಅವಳು ನಂಬಲಿಲ್ಲ. ಅವನು ಬೊಟ್ಟು ಕೆರೆದು ಮೀಟರ್ ಜೋಡಿಸಿದ ಮೇಲೆ ಅವನನ್ನೂ ಕೂರಿಸಿಕೊಂಡು, ದಿನಾ ಒತ್ತುವಷ್ಟೇ ಕಾಲೊತ್ತಿ ಓಡಿಸಿದಳು. ನಲವತ್ತು ಬಂತು, ಹೋಯಿತು. ಐವತ್ತೂ ಹೋಯಿತು. ಮುಳ್ಳು ಎಪ್ಪತ್ತರ ಹತ್ತಿರ ನಡುಗಿತು. ಅವಳು ಗಾಡಿಯನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದಳು.

ಒಂದಿಡೀ ವರ್ಷ! ಜನಕ್ಕೆ ಬುದ್ಧಿ ಬಂದಿರಲಿಲ್ಲ, ಇವಳನ್ನು ಹಿಂದೆ ಹಾಕುವುದು ಯಾರಿಂದಲೂ ಆಗಿರಲಿಲ್ಲ, ಅಷ್ಟೆ. "ಅಜ್ಜೀ, ಮರ ಎಲ್ಲಾ ಬರೀ ಹಸಿರು ಗೆರೆ ಥರ ಕಾಣ್ತವೆ," ಎಂದು ಮೊಮ್ಮಗಳು ಹೇಳಿದಾಗ, "ಮುಳ್ಳು ನೋಡೇ, ನಲವತ್ತು!" ಎಂದು ಗದರಿದ್ದಳು ಇವಳು. ಹಿಂದಿನ ಸೀಟುಗಳಲ್ಲಿ ಅಷ್ಟೊಂದು ಮಕ್ಕಳು.

"ಶಾಲೆ ಬಿಡೋ ಹೊತ್ತಾಯ್ತು. ನೀನೇ ಓಡಿಸೋ, ನನ್ನ ಕೈಲಾಗಲ್ಲ," ಎಂದು ಕೀಲಿಕೈ ಚಾಚಿದಳು.

ಅಣ್ಣ ತೆಗೆದುಕೊಳ್ಳಲಿಲ್ಲ. "ನೀನೇ ಓಡಿಸು. ನಾನು ಪಕ್ಕದಲ್ಲಿರ್ತೀನಿ."

ಮಕ್ಕಳನ್ನು ಹತ್ತಿಸಿಕೊಂಡು ಹೊರಟಾಗ ಮುಳ್ಳು ಮೂವತ್ತೈದರಲ್ಲಿತ್ತು. ಹಿಂದಿನವರೆಲ್ಲ ಹಾರನ್ ಬಾರಿಸಿ, ಬೈದು, ಮುಂದೆ ಹೋದರು.

"ಅಜ್ಜೀ," ಎಂದಳು ಕಿಟಕಿ ಪಕ್ಕದ ಮೊಮ್ಮಗಳು, "ಇವತ್ತು ಮರದಲ್ಲಿ ಎಲೆ ಕಾಣ್ತಿದೆ!"

ಮೊದಲ ಮನೆಯ ಮುಂದೆ ಒಬ್ಬ ತಾಯಿ ನಗುತ್ತಾ ಕೈಬೀಸುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಲೆಂದು ನಲವತ್ತಕ್ಕ ವ್ಯಾನಿನಿಂದ ಇಳಿದಳು.