ಕೊಟ್ಟಿಗೆಯ ಕಾರಿನ ಮೀಟರುಗಳು

ಜಿಗಣಿಯಲ್ಲಿ ಕಾರ್ಖಾನೆಗಳ ನಡುನಡುವೆ ಇನ್ನೂ ರಾಗಿ ಹೊಲಗಳಿದ್ದ ಕಾಲ ಅದು. ಮಾಗಿಯ ಬೆಳಿಗ್ಗೆ ಬಾಗಿಲು ತೆಗೆದರೆ ಒಂದು ಕಡೆಯಿಂದ ಅವರೆಕಾಯಿಯ ಸೊಗಡು, ಇನ್ನೊಂದು ಕಡೆಯಿಂದ ಗ್ರಾನೈಟ್ ಕೊಯ್ಯುವ ಸದ್ದು. ನಾವು ಗದಗಿನ ಕಡೆಯವರು. ಮುನಿಯಮ್ಮಜ್ಜಿಯ ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನಾಗ ನಾಲ್ಕನೇ ಕ್ಲಾಸು.

ಆ ವರ್ಷ ಅಪ್ಪ ಕೆಲಸ ಮಾಡುತ್ತಿದ್ದ ಕರೆಂಟ್ ಮೀಟರ್ ಕಾರ್ಖಾನೆ ಮುಚ್ಚಿತು. ಅವ್ವ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗತೊಡಗಿದಳು. ಅಪ್ಪ ಮಾತು ಬಿಟ್ಟ. ಸಿಟ್ಟಿಲ್ಲ, ಕುಡಿತವಿಲ್ಲ, ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದ. ಸಂಕ್ರಾಂತಿ ಮುಗಿಸಿಕೊಂಡು ಊರಿಗೆ ಹೋಗಿಬಿಡೋಣ ಎಂದು ಅವ್ವನಿಗೆ ಅಂದದ್ದೊಂದೇ ನನ್ನ ಕಿವಿಗೆ ಬಿದ್ದ ಮಾತು. ಅಂದರೆ ನನ್ನ ಶಾಲೆ, ಗೆಳತಿಯರು ಎಲ್ಲ ಅಲ್ಲಿಗೆ ಮುಗಿದಂತೆ.

ಒಂದು ದಿನ ಜಗಲಿಯ ಮೇಲೆ ಅಜ್ಜಿಯೂ ನಾನೂ ಅವರೆಬೇಳೆ ಹಿಸುಕುತ್ತಿದ್ದೆವು. ಬೆರಳಿನಿಂದ ಚಿಮ್ಮುವ ಕಾಳು ಯಾರದ್ದು ದೂರ ಹೋಗುತ್ತದೆಂದು ನಮ್ಮಿಬ್ಬರಿಗೂ ಪಂದ್ಯ. ಅಜ್ಜಿ ಕೈ ನಿಲ್ಲಿಸದೆ ಅಪ್ಪನನ್ನು ಕೂಗಿದರು.

"ಏನಪ್ಪಾ ಬಸಣ್ಣ, ನೀನು ಮೀಟ್ರು ಮಾಡೋನಂತಲ್ಲ. ನಮ್ ಕಾರಿನ ಮೀಟ್ರೆಲ್ಲಾ ಸತ್ತೋಗವೆ. ಒಸಿ ನೋಡ್ತೀಯಾ?"

"ಅದು ಕರೆಂಟ್ ಮೀಟರ್ರಿ ಅಮ್ಮಾರ. ಇದು ಬ್ಯಾರೆ."

"ಮುಳ್ಳೈತೆ, ಗಾಜೈತೆ. ಇನ್ನೇನ್ ಬೇಕು ಮೀಟ್ರಿಗೆ?"

ಕಾರು ಹಳೆಯ ದನದ ಕೊಟ್ಟಿಗೆಯಲ್ಲಿತ್ತು. ಎರಡೇ ಸೀಟಿನ, ನೆಲಕ್ಕಂಟಿದಂತಿದ್ದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಅಜ್ಜಿಯ ಗಂಡ ಡ್ರೈವರಾಗಿದ್ದ ಮನೆಯ ಸಾಹೇಬರು ದೇಶ ಬಿಡುವಾಗ ಅವರಿಗೇ ಕೊಟ್ಟು ಹೋಗಿದ್ದರಂತೆ. ಅಜ್ಜಿಯ ಮಗ ಇಂಜಿನ್ನು ರಿಪೇರಿ ಮಾಡಿಸಿದ್ದ. ಆದರೆ ಡ್ಯಾಶ್‌ಬೋರ್ಡಿನ ಒಂದು ಮುಳ್ಳೂ ಅಲುಗುತ್ತಿರಲಿಲ್ಲ, ಒಂದು ದೀಪವೂ ಉರಿಯುತ್ತಿರಲಿಲ್ಲ.

"ನಮ್ಮೆಜಮಾನ್ರು ಸಂಜೆ ಹೊತ್ನಾಗೆ ಇದ್ರಾಗೇ ನನ್ನ ವರ್ತೂರಿಗೆ, ತವರ್ಗೆ ಕರ್ಕಂಡೋಗೋರು. ಮುಂದ್ಗಡೆ ಅಸುರು ಬೆಳಕು ಬರೋದು. ಅಂಗೇ ಇನ್ನೊಂದ್ಕಿತ ಓಗ್ಬರ್ಬೇಕು ಕಣಪ್ಪ," ಎಂದರು ಅಜ್ಜಿ.

ಮಾರನೆಯ ದಿನ ನಾನು ಶಾಲೆಯಿಂದ ಬಂದಾಗ ಅಪ್ಪ ಜಗಲಿಯ ಮೇಲೆ ಹಳೆಯ ಸೀರೆ ಹಾಸಿಕೊಂಡು, ಸ್ಪೀಡೋಮೀಟರನ್ನು ಬಿಚ್ಚಿಟ್ಟುಕೊಂಡು ಕೂತಿದ್ದ. ಅದರೊಳಗೆ ಕಡಜದ ಮಣ್ಣಿನ ಗೂಡು! ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದ. ಬಲ್ಬಿನ ಬೆಳಕು ಚೆನ್ನಾಗಿ ಹರಡಲೆಂದು ಡಬ್ಬಿಯ ಒಳಮೈಗೆ ಬಿಳಿ ಬಣ್ಣ ಬಳಿದ. ಗಾಜಿನ ಸುತ್ತಲಿನ ಬಳೆಗಳನ್ನು ಹಲ್ಲುಪುಡಿ ಹಾಕಿ ಹೊಳೆಯಿಸುವುದು ನನ್ನ ಪಾಲು. "ಇನ್ನೊಮ್ಮಿ ತಿಕ್ಕವಾ," ಎನ್ನುತ್ತಿದ್ದ. ತಿಂಗಳುಗಳ ನಂತರ ಅಪ್ಪ ನನಗೆ ಹೇಳಿದ ಮೊದಲ ಕೆಲಸ ಅದು. ಬೇಕೆಂದೇ ನಿಧಾನವಾಗಿ ತಿಕ್ಕಿದೆ. ಭಾನುವಾರ ಅವ್ವ ಕಸೂತಿ ಹಾಕುವ ಕೈಯಿಂದ, ಸಣ್ಣ ಕುಂಚ ಹಿಡಿದು, ಮಾಸಿದ ಅಂಕಿಗಳನ್ನೆಲ್ಲ ತಿದ್ದಿದಳು.

ಎಲ್ಲವನ್ನೂ ಮತ್ತೆ ಕೂರಿಸಿದ ಸಂಜೆ ಅಪ್ಪ ಬ್ಯಾಟರಿಗೆ ತಂತಿ ಕೊಟ್ಟು ಹೆಡ್‌ಲೈಟ್ ಹಾಕಿದ. ಬ್ಯಾಟರಿ ಖರ್ಚಾಗುತ್ತಿದೆ ಎಂದು ತೋರಿಸಬೇಕಾದ ಮುಳ್ಳು ಎದುರು ದಿಕ್ಕಿಗೆ ಓಡಿತು. ಅಪ್ಪ ಅದನ್ನೇ ದಿಟ್ಟಿಸಿದ.

"ಏ, ಇದೇನಿದು, ಲೈಟ್ ಹಚ್ಚಿದ್ರ ಬ್ಯಾಟರಿ ತುಂಬಾಕತ್ತೈತಲ್ಲೋ!"

ಅಂದವನೇ ನಗತೊಡಗಿದ. ಕಾರಿನ ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನಾತ್ರೀ?"

"ಏನಿಲ್ಲ ತಗೋ. ತಂತಿ ಉಲ್ಟಾ ಕೊಟ್ಟೀನಿ."

ಆ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸನ್ನೇ ಕಾರಿನ ಮೈಗೆ ಜೋಡಿಸಬೇಕಂತೆ. ಅಪ್ಪ ರೂಢಿಯಂತೆ ಮೈನಸ್ ಜೋಡಿಸಿದ್ದ. ಅವ್ವನಿಗೆ ಅದು ಅರ್ಥವಾಯಿತೋ ಇಲ್ಲವೋ, ಅವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು. ಊರಿಗೆ ಹೋಗುವ ಮಾತು ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ.

ವರ್ತೂರಿಗೆ ಹೊರಟ ದಿನ ಅಜ್ಜಿಯ ಮಗ ಕಾರು ಓಡಿಸಿದ. ಅಜ್ಜಿ ರೇಷ್ಮೆ ಸೀರೆ ಉಟ್ಟು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಹೊತ್ತು ಮುಳುಗುವಾಗ ಮಗ ಗುಂಡಿ ಎಳೆದ. ಮೀಟರುಗಳೊಳಗೆ ಎಳೆ ಬಾಳೆಲೆಯ ಬಣ್ಣದ ಬೆಳಕು ಹರಡಿತು. ಅಜ್ಜಿ ಮುಂದಕ್ಕೆ ಬಾಗಿ ಗಾಜನ್ನು ಒಮ್ಮೆ ಸವರಿದರು.

"ಅಂಗೇ ಐತೆ," ಎಂದರು.

ಅಜ್ಜಿ ಈ ಸುದ್ದಿಯನ್ನು ಹೇಳದ ಮನೆಯಿರಲಿಲ್ಲ. ಯಾರದೋ ಹಳೆಯ ಜೀಪು ಬಂತು, ಇನ್ಯಾರದೋ ಸ್ಕೂಟರು ಬಂತು. ಮೀಟರ್ ರಿಪೇರಿ ಅಂಗಡಿಗೆ ರಸ್ತೆ ಕಡೆಯ ಕೋಣೆಯನ್ನು ಅವರೇ ಬಿಟ್ಟುಕೊಟ್ಟರು. ನಾನು ಓದಿದ್ದು ಅದರಿಂದಲೇ.

ಈಗ ಅಜ್ಜಿ ಇಲ್ಲ. ಕಾರನ್ನು ಯಾರೋ ಕೊಂಡು ಹೋದರು. ಕೊಟ್ಟಿಗೆಯ ಜಾಗದಲ್ಲಿ ನಾಲ್ಕಂತಸ್ತಿನ ಪೀಜಿ ಎದ್ದಿದೆ. ಬಿಚ್ಚಿ ನೋಡುವ ಮೀಟರುಗಳು ಹೋಗಿ ಕಾರುಗಳಿಗೆಲ್ಲ ಸ್ಕ್ರೀನು ಬಂದಾಗ ಅಪ್ಪ ಅಂಗಡಿ ಮುಚ್ಚಿದ. ಈ ಸಲ ಅವನಿಗೆ ಬೇಸರವಾಗಲಿಲ್ಲ, ಸಾಕಷ್ಟು ದುಡಿದಿದ್ದೆ ಎನ್ನುತ್ತಾನೆ. ಅವಕ್ಕೆಲ್ಲ ನಾನೂ ಮರುಗುವುದಿಲ್ಲ. ಆದರೆ ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಮನೆಯ ಓನರ್ ಮುಖವನ್ನು ನಾನು ಕಂಡಿಲ್ಲ, ಎದುರು ಬಾಗಿಲಿನವರ ಹೆಸರೂ ತಿಳಿಯದು. ಆ ಎದುರಿನ ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಗೋಡೆಗೆ ಒರಗಿ ಕೂತಿದ್ದರೆ, ನನಗೆ ಅದು ಗೊತ್ತಾಗುವುದೂ ಇಲ್ಲ.