ನಾನು ಕಿತ್ತುಹಾಕಿದ ಅಧ್ಯಾಯ

ಕಣ್ಣು ಕಾಣದ ಮುದುಕರೊಬ್ಬರಿಗೆ ನಾನು ಮೋಸ ಮಾಡಿದ್ದೇನೆ. ಅವರು ಹೇಳಿ ಬರೆಸಿದ ಅಧ್ಯಾಯವನ್ನು ಅವರ ಪುಸ್ತಕದಿಂದ ಕಿತ್ತುಹಾಕಿ, ಅದು ಅಲ್ಲೇ ಇದೆ ಎಂಬಂತೆ ಅವರ ಮುಂದೆ ಕೂತು ಓದಿದ್ದೇನೆ.

ಅವರು ವೇಲ್ಸಿನ ಪ್ರಭು, ಸಂಸತ್ತಿನ ಮೇಲ್ಮನೆಯ ಸದಸ್ಯರು, ಮನೆ ಇಂಗ್ಲೆಂಡಿನ ಸ್ಟ್ಯಾನ್ಮೋರಿನಲ್ಲಿ. ತೊಂಬತ್ತರ ದಶಕದ ಕೊನೆಗೆ ಅವರ ಆತ್ಮಕಥೆ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ದೇವರೇ, ಆ ಮನುಷ್ಯನ ರಗಳೆಯೇ! ಮೇಲ್ಮನೆಯಲ್ಲಿ ರಾಣಿಗೆ ನಿಷ್ಠನೆಂದು ಪ್ರಮಾಣ ಮಾಡಿದವರು, ಮನೆಯ ಪತ್ರಗಳಿಗೆ ರಾಣಿಯ ಅಂಚೆಚೀಟಿಯನ್ನು ತಲೆಕೆಳಗಾಗಿಯೇ ಅಂಟಿಸಬೇಕು ಎನ್ನುವರು. ವೇಲ್ಸಿನ ಬಂಡಾಯದವರ ಪದ್ಧತಿಯಂತೆ ಅದು. ನಾನು ನೆಟ್ಟಗೆ ಅಂಟಿಸಿ "ಆಯಿತು" ಎನ್ನುತ್ತಿದ್ದೆ. ಸುಳ್ಳು ನನಗೆ ಅಲ್ಲಿಂದಲೇ ರೂಢಿಯಾಯಿತೋ ಏನೋ —

ಒಂದು ಅಧ್ಯಾಯವನ್ನಂತೂ ಹತ್ತಾರು ಸಲ ತಿದ್ದಿಸಿ ನನ್ನ ತಲೆ ಚಿಟ್ಟು ಹಿಡಿಸಿದರು. ಇಂಗ್ಲೆಂಡಿನ ಊರೊಂದಕ್ಕೆ ನೀರು ಕೊಡಲು ವೇಲ್ಸಿನ ಹಳ್ಳಿಯೊಂದನ್ನು ಮುಳುಗಿಸಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಅಲ್ಲಿನ ಯಂತ್ರಕ್ಕೆ ಬೆಂಕಿಯಿಟ್ಟವರು ಇವರು. ಜೈಲಿಗೆ ಹೋದವರು ಇವರ ಕುದುರೆ ನೋಡಿಕೊಳ್ಳುತ್ತಿದ್ದ ಗೆಳೆಯ ಎಮ್ರಿಸ್. ಎಮ್ರಿಸ್ ಕೊನೆಯವರೆಗೂ ಪ್ರಭುವಿನ ಹೆಸರು ಹೇಳಲಿಲ್ಲ. "ಅವನ ಮೇಲಿನ ಕಳಂಕ ಹೋಗಬೇಕು. ಬರೆದುಕೊಳ್ಳಿ," ಎಂದರು ಪ್ರಭು.

ಆಗ ನಮ್ಮ ಪೌರತ್ವದ ಅರ್ಜಿ ವಿಚಾರಣೆಯಲ್ಲಿತ್ತು. ನಮ್ಮನ್ನು ಬಲ್ಲೆನೆಂದು ಅದಕ್ಕೆ ಸಹಿ ಹಾಕಿದ್ದವರು ಇದೇ ಪ್ರಭು! ಕುಂದಾಪುರದ ನನ್ನ ಗಂಡ ಸಂಗತಿ ಕೇಳಿ ಬೆಚ್ಚಿಬಿದ್ದರು. "ಬೆಂಕಿ ಹಾಕ್ದವ್ರ್ ಸಹಿ ಅಂತ ಗೊತ್ತಾರೆ ನಮ್ ಗತಿ ಎಂತ ಮಾರಾಯ್ತಿ? ಬಿಟ್ ಹಾಕ್ ಅದನ್ನ್."

ಬಿಟ್ಟೆ. ಗಂಡ ಹೇಳಿದರೆಂದು ಅಲ್ಲ. ನನಗೂ ಅದೇ ಬೇಕಿತ್ತು. ತಿಳಿದವರನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಹಗಲು ಕಂಡ ಬಾವಿಗೆ ಹಗಲೇ ಹಾರಿದೆ. ಅಧ್ಯಾಯವಿಲ್ಲದ ಪ್ರತಿ ಪ್ರಕಾಶಕರಿಗೆ ಹೋಯಿತು. ಪ್ರಭುಗಳು ನಾನು ಕಿತ್ತಿಟ್ಟ ಹಾಳೆಗಳಿಂದ ಓದಿದ್ದನ್ನು ಕೇಳಿ ತೃಪ್ತರಾಗಿ, ಎಮ್ರಿಸ್‌ಗೆ ತಾವೇ ಫೋನ್ ಮಾಡಿ, "ಎಲ್ಲವೂ ಪುಸ್ತಕದಲ್ಲಿದೆ," ಎಂದರು. ಪುಸ್ತಕ ಹೊರಬರುವ ಮೊದಲೇ ತೀರಿಕೊಂಡರು.

ಪುಸ್ತಕ ಬಂದ ಮೇಲೆ, ಅವರ ಕಾಗದಪತ್ರ ಜೋಡಿಸುತ್ತಿದ್ದಾಗ ಆ ಮನೆಯ ಫೋನಿಗೆ ಎಮ್ರಿಸ್‌ರ ಕರೆ ಬಂತು.

"ಎರಡು ಸಲ ಓದಿದೆನಮ್ಮಾ. ನನ್ನ ವಿಷಯ ಯಾವ ಪುಟದಲ್ಲಿದೆ?"

"ಅವರು ಅಂಥದ್ದೇನೂ ಹೇಳಲಿಲ್ಲ," ಎಂದೆ.

"ನಲವತ್ತು ವರ್ಷ ಅವನಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಸಾಯುವಾಗಲೂ ನನಗೆ ಸುಳ್ಳು ಹೇಳಿ ಹೋದನೇ?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು — ಫೋನ್ ಇಟ್ಟುಬಿಟ್ಟೆ.

ಪಾಸ್‌ಪೋರ್ಟ್ ಬಂತು. ಎಮ್ರಿಸ್ ಈಗಿಲ್ಲ, ಗೆಳೆಯನನ್ನು ಶಪಿಸುತ್ತಲೇ ಸತ್ತರೆಂದು ಕೇಳಿದೆ. ವೇಲ್ಸಿನಲ್ಲಿ ಅವರ ಮಗಳಿದ್ದಾಳೆ. ನಾಳೆ ರೈಲು ಹತ್ತುತ್ತೇನೆ. ನಿಮ್ಮಪ್ಪನಿಗೆ ಸುಳ್ಳು ಹೇಳಿದ್ದು ಪ್ರಭುವಲ್ಲ, ನಾನು ಎಂದು ಅವಳ ಮುಖ ನೋಡಿ ಹೇಳಬೇಕು. ಅವಳು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತೇ ಹೇಳುತ್ತೇನೆ.